ಬಾಳಿನ ಘಟ್ಟಗಳಲ್ಲಿ ನಮ್ಮ ಪ್ರಾರ್ಥನಾ ಜೀವನ

(ಶತಮಾನೋತ್ಸವದ ಸಿದ್ಧತೆಗಾಗಿ ದೇವಾಲಯದಲ್ಲಿ ನಡೆದ ಮೂರು ದಿನಗಳ ಧ್ಯಾನಕೂಟದಲ್ಲಿ ಮಾಡಿದ ಉಪನ್ಯಾಸ)



ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸುತ್ತಿರುವ ಈ ಶುಭ ಸಂದರ್ಭದಲ್ಲಿ ಎಲ್ಲರ ಬಾಯಲ್ಲೂ ಲೆಕ್ಕದ ಮಾತುಗಳು ಕೇಳಿಬರುವುದು ಸಹಜ. ಎಷ್ಟು ಮಂದಿ ಗುರುಗಳು ಇಲ್ಲಿ ಸೇವೆ ಸಲ್ಲಿಸಿದರು, ಎಷ್ಟು ಮಕ್ಕಳು ದೀಕ್ಷಾಸ್ನಾನ ಪಡೆದರು, ಎಷ್ಟು ವಿವಾಹಗಳು ನಡೆದವು ಎಂಬುದೆಲ್ಲ ಧರ್ಮಕೇಂದ್ರದ ದಫ್ತರಗಳಲ್ಲಿ ಬರೆದಿದೆ. ಆದರೆ ಈ ನೂರು ವರ್ಷಗಳಲ್ಲಿ ಇಲ್ಲಿಯ ಮನೆಗಳಿಂದ ಮೇಲೇರಿದ ಪ್ರಾರ್ಥನೆಗಳಿಗೆ ದಫ್ತರವಿಲ್ಲ. ಅದರ ಲೆಕ್ಕ ದೇವರ ಬಳಿ ಮಾತ್ರ ಇದೆ. ನಮ್ಮ ಹಿರಿಯರು ಕಟ್ಟಿದ ಗೋಡೆಗಳು ನಮ್ಮ ಕೈಸೇರಿವೆ. ಅವರು ಮಾಡುತ್ತಿದ್ದ ಪ್ರಾರ್ಥನೆಯೂ ನಮ್ಮ ಕೈಸೇರಿದೆಯೇ ಎಂಬುದು ಈ ಹಬ್ಬದಲ್ಲಿ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ಈ ಪ್ರಶ್ನೆಯನ್ನು ಎತ್ತಲು ಕಾರಣವಿದೆ. ಇಂದು ಅನೇಕ ಭಕ್ತಾದಿಗಳು ಮನಸ್ಸು ಬಿಚ್ಚಿ ಮಾತನಾಡುವಾಗ ಒಂದೇ ವಿಷಯವನ್ನು ನೋವಿನಿಂದ ಹೇಳುತ್ತಾರೆ: ಈಚೆಗೆ ಪ್ರಾರ್ಥನೆ ಆಗುತ್ತಿಲ್ಲ. ಚಿಕ್ಕ ಮಗುವನ್ನು ಎತ್ತಿಕೊಂಡ ತಾಯಿ ಹಾಗೆ ಹೇಳುತ್ತಾಳೆ. ರಾತ್ರಿ ಪಾಳಿಯಲ್ಲಿ ದುಡಿದು ಬೆಳಗ್ಗೆ ಮನೆಗೆ ಮರಳುವ ಯುವಕನೂ ಹಾಗೆ ಹೇಳುತ್ತಾನೆ. ಕಣ್ಣು ಮಂಜಾಗಿ ಪ್ರಾರ್ಥನಾ ಪುಸ್ತಕ ಓದಲಾರದ ಅಜ್ಜನದೂ ಇದೇ ಮಾತು. ಇವರಲ್ಲಿ ಯಾರೂ ದೇವರನ್ನು ತೊರೆದವರಲ್ಲ. ಒಂದು ಕಾಲದಲ್ಲಿ ತಮಗೆ ಒಗ್ಗಿದ್ದ ಪ್ರಾರ್ಥನಾ ಕ್ರಮ ಈಗ ನಡೆಯದಾಗಿದೆ. ಆ ಕ್ರಮ ತಪ್ಪಿದ ಮೇಲೆ ಪ್ರಾರ್ಥನೆಯೇ ತಪ್ಪಿತೆಂದು ಅವರು ತಿಳಿದಿದ್ದಾರೆ. ಹಾಗೆ ತಿಳಿದವರು ಮೊದಲು ನಾಚುತ್ತಾರೆ, ಆಮೇಲೆ ಕೈಬಿಡುತ್ತಾರೆ. ಅಪಾಯವಿರುವುದು ಈ ಎರಡನೆಯ ಹೆಜ್ಜೆಯಲ್ಲಿ.

ಬಾಲಕನಾಗಿದ್ದಾಗ ಹೊಲಿಸಿದ ಅಂಗಿ ಪ್ರಾಯಕ್ಕೆ ಬಂದವನಿಗೆ ಹಿಡಿಸದು. ಅಂಗಿ ಚಿಕ್ಕದಾಯಿತೆಂದು ಯಾರೂ ಬರಿಮೈಯಲ್ಲಿ ತಿರುಗುವುದಿಲ್ಲ. ಅಳತೆ ಕೊಟ್ಟು ಹೊಸದನ್ನು ಹೊಲಿಸುತ್ತೇವೆ. ಪ್ರಾರ್ಥನೆಯ ವಿಷಯದಲ್ಲಿಯೂ ಇದೇ ವಿವೇಕ ನಮಗೆ ಬೇಕು. ದೇವರೊಡನೆ ನಮ್ಮ ಸಂಬಂಧ ದೀಕ್ಷಾಸ್ನಾನದಿಂದ ಮರಣದವರೆಗೂ ಒಂದೇ. ಅದನ್ನು ಉಳಿಸಿಕೊಳ್ಳುವ ಕ್ರಮ ಮಾತ್ರ ಪ್ರಾಯಕ್ಕೂ ಪರಿಸ್ಥಿತಿಗೂ ತಕ್ಕಂತೆ ನವೀಕರಣಗೊಳ್ಳುತ್ತಿರಬೇಕು. ಇಂದು ನಾನು ನಿಮ್ಮ ಮುಂದಿಡಬಯಸುವ ವಿಚಾರ ಇದಿಷ್ಟೇ.

ಈ ಮಾತಿಗೆ ನಮ್ಮ ಪ್ರಭುವಿನ ಜೀವನವೇ ಮೊದಲ ಆಧಾರ. ಶುಭಸಂದೇಶವನ್ನು ಗಮನವಿಟ್ಟು ಓದಿದರೆ ಯೇಸುಸ್ವಾಮಿ ಒಂದೇ ರೀತಿಯಲ್ಲಿ ಪ್ರಾರ್ಥಿಸಿದವರಲ್ಲವೆಂಬುದು ತಿಳಿಯುತ್ತದೆ. ಹನ್ನೆರಡು ವರ್ಷದ ಬಾಲಕನಾಗಿ ತಂದೆತಾಯಿಗಳೊಡನೆ ಪಾಸ್ಕ ಹಬ್ಬಕ್ಕೆ ಜೆರುಸಲೇಮಿಗೆ ಯಾತ್ರೆ ಹೋದರು. ಬಹಿರಂಗ ಜೀವನದ ಹೊಸ್ತಿಲಲ್ಲಿ ನಲವತ್ತು ದಿನ ಅಡವಿಯಲ್ಲಿ ಉಪವಾಸವಿದ್ದರು. ಜನರ ಗದ್ದಲ ಹೆಚ್ಚಿದ ದಿನಗಳಲ್ಲಿ ನಸುಕಿಗೆ ಮುಂಚೆಯೇ ಎದ್ದು ಏಕಾಂತಕ್ಕೆ ಹೋದರೆಂದು ಸಂತ ಮಾರ್ಕರು ಬರೆಯುತ್ತಾರೆ. ಹನ್ನೆರಡು ಮಂದಿ ಪ್ರೇಷಿತರನ್ನು ಆರಿಸುವ ಮುನ್ನ ರಾತ್ರಿಯಿಡೀ ಬೆಟ್ಟದ ಮೇಲೆ ಪ್ರಾರ್ಥಿಸಿದರೆಂದು ಸಂತ ಲೂಕರು ತಿಳಿಸುತ್ತಾರೆ. ಗೆತ್ಸೆಮನಿ ತೋಪಿನಲ್ಲಾದರೋ ಬಗೆಬಗೆಯ ಮಾತುಗಳಿರಲಿಲ್ಲ. ಅದೇ ಮಾತನ್ನು ಮತ್ತೆ ಮತ್ತೆ ಹೇಳಿದರು. ಕೊನೆಗೆ ಶಿಲುಬೆಯ ಮೇಲೆ ಅವರ ತುಟಿಗೆ ಬಂದದ್ದು ಇಸ್ರಯೇಲಿನ ಪ್ರತಿಯೊಂದು ಮನೆಯಲ್ಲೂ ತಿಳಿದಿದ್ದ ಕೀರ್ತನೆಯ ಮಾತು. ತಂದೆಯೊಡನೆ ಅವರಿಗಿದ್ದ ಐಕ್ಯ ಒಂದೇ. ಆದರೆ ಹೊತ್ತಿಗೆ ತಕ್ಕಂತೆ ಪ್ರಾರ್ಥನೆಯ ರೂಪ ಬೇರೆ ಬೇರೆ.

ಇನ್ನು ನಮ್ಮಂತೆಯೇ ಎಡವಿ ಎದ್ದ ಒಬ್ಬರ ಬಾಳನ್ನು ನೋಡೋಣ. ಅವಿಲಾದ ಸಂತ ತೆರೇಸಮ್ಮನವರನ್ನು ಪ್ರಾರ್ಥನೆಯ ಮಹಾಗುರುವೆಂದು ಧರ್ಮಸಭೆ ಗೌರವಿಸುತ್ತದೆ. 1970ರಲ್ಲಿ ಜಗದ್ಗುರು ಆರನೆಯ ಪೌಲರು ಅವರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು. ಆ ಗೌರವ ಪಡೆದ ಮೊದಲ ಮಹಿಳೆ ಅವರು. ಹೀಗಿರುವಲ್ಲಿ ಅವರಿಗೆ ಪ್ರಾರ್ಥನೆ ಹುಟ್ಟಿನಿಂದಲೇ ಸುಲಭವಾಗಿತ್ತೆಂದು ನಾವು ಎಣಿಸುವುದುಂಟು. ಅವರು ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿರುವುದು ಬೇರೆಯೇ ಸಂಗತಿ.

ತೆರೇಸಮ್ಮನವರು 1515ರಲ್ಲಿ ಸ್ಪೇನ್ ದೇಶದಲ್ಲಿ ಜನಿಸಿದರು. ಬಾಲ್ಯದಲ್ಲಿ ತಮ್ಮ ಅಣ್ಣನೊಡನೆ ಮನೆಯ ತೋಟದಲ್ಲಿ ಕಲ್ಲುಗಳನ್ನು ಪೇರಿಸಿ ಋಷಿಗಳ ಕುಟೀರಗಳನ್ನು ಕಟ್ಟುವುದು ಅವರ ಆಟವಾಗಿತ್ತು. ತಾಯಿ ತೀರಿಕೊಂಡಾಗ ಆ ಬಾಲಕಿ ದೇವಮಾತೆಯ ಸ್ವರೂಪದ ಮುಂದೆ ಹೋಗಿ, ಇನ್ನು ಮುಂದೆ ನೀನೇ ನನಗೆ ತಾಯಿಯಾಗಬೇಕೆಂದು ಅತ್ತು ಬೇಡಿಕೊಂಡಳು. ಮಗುವಿನ ಪ್ರಾರ್ಥನೆ ಇಂತಹುದು. ಅದಕ್ಕೆ ದೀರ್ಘ ಧ್ಯಾನ ಬೇಡ; ಕಣ್ಣಿಗೆ ಕಾಣುವ ಸ್ವರೂಪ, ಕೈಗೆ ಸಿಗುವ ಮಣಿಸರ, ಕಿವಿಗೆ ಬೀಳುವ ಹಾಡು ಬೇಕು.

ಪವಿತ್ರ ಗ್ರಂಥದ ಬಾಲಕ ಸಮುವೇಲನನ್ನು ನೆನೆಯಿರಿ. ದೇವರು ಕರೆದಾಗ ಅದು ದೇವರ ಕರೆಯೆಂದು ಅವನಿಗೆ ತಿಳಿಯಲಿಲ್ಲ. ಮೂರು ಸಾರಿಯೂ ಎದ್ದು ವೃದ್ಧ ಏಲಿಯ ಬಳಿಗೇ ಓಡಿದನು. ಹೇಗೆ ಉತ್ತರ ಕೊಡಬೇಕೆಂದು ಕಲಿಸಿದವನು ಏಲಿ. ಇಂದಿನ ಮಗುವೂ ಹಾಗೆಯೇ ಮೊದಲು ಓಡುವುದು ಅಪ್ಪ ಅಮ್ಮನ ಬಳಿಗೆ, ಅಜ್ಜ ಅಜ್ಜಿಯ ಬಳಿಗೆ. ಭಾನುವಾರದ ಧರ್ಮೋಪದೇಶ ತರಗತಿ ಅವಶ್ಯ. ಆದರೆ ತಂದೆ ಮೊಣಕಾಲೂರಿ ಕುಳಿತದ್ದನ್ನು ಎಂದೂ ಕಾಣದ ಮಗುವಿಗೆ ಉಪದೇಶಿಗಳು ಎಷ್ಟು ಹೇಳಿಕೊಟ್ಟರೂ ಅದು ಪಾಠವಾಗಿಯೇ ಉಳಿಯುತ್ತದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಧರ್ಮಸಭೆಯನ್ನು ಕುರಿತು ಹೊರಡಿಸಿದ ಶಾಸನದಲ್ಲಿ ಕುಟುಂಬವನ್ನು ಗೃಹ ಧರ್ಮಸಭೆಯೆಂದು ಕರೆದದ್ದು ಬರಿಯ ಅಲಂಕಾರಕ್ಕಲ್ಲ. ತಂದೆತಾಯಿಗಳೇ ತಮ್ಮ ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರೆಂಬುದು ಅದರ ಆಶಯ.

ಪ್ರಾಯಕ್ಕೆ ಬಂದಾಗ ಎರಡನೆಯ ಘಟ್ಟ ಆರಂಭವಾಗುತ್ತದೆ. ಬಾಯಿಪಾಠವಾಗಿ ಬಂದ ಮಾತುಗಳಲ್ಲಿ ಆಗ ಮನಸ್ಸು ನಿಲ್ಲದು. ಪ್ರಶ್ನೆಗಳು ಏಳುತ್ತವೆ, ಓದು, ಉದ್ಯೋಗ, ಸ್ನೇಹ ಇವು ಮನಸ್ಸನ್ನು ತುಂಬುತ್ತವೆ. ಇದನ್ನು ಕಂಡು ಹಿರಿಯರು ಗದರುವುದುಂಟು. ಆದರೆ ಯೇಸುಸಭೆಯ ಸಂಸ್ಥಾಪಕರಾದ ಸಂತ ಇಗ್ನಾಸಿಯವರು ಓದುತ್ತಿದ್ದ ತಮ್ಮ ಕಿರಿಯರಿಗೆ ಕೊಟ್ಟ ಸಲಹೆ ಗಮನಾರ್ಹ. ಓದುವ ಕಾಲದಲ್ಲಿ ದೀರ್ಘ ಧ್ಯಾನಗಳ ಹೊರೆ ಹೊರಬೇಡಿ. ನಡೆಯುವಾಗ, ನೋಡುವಾಗ, ಮಾತನಾಡುವಾಗ, ಮಾಡುವ ಎಲ್ಲ ಕೆಲಸಗಳಲ್ಲೂ ದೇವರ ಸಾನ್ನಿಧ್ಯವನ್ನು ಅರಸಿರಿ ಎಂಬುದು ಅದರ ಸಾರಾಂಶ. ಅದರೊಡನೆ ಆತ್ಮಶೋಧನೆಯನ್ನು ಮಾತ್ರ ಬಿಡಬಾರದೆಂದು ಅವರು ಒತ್ತಿ ಹೇಳುತ್ತಿದ್ದರು. ಆ ಕ್ರಮದಲ್ಲಿ ಐದು ಮೆಟ್ಟಿಲುಗಳಿವೆ. ಪಡೆದ ಉಪಕಾರಗಳಿಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸುವುದು. ತನ್ನನ್ನು ತಾನು ಅರಿಯಲು ಬೆಳಕನ್ನು ಬೇಡುವುದು. ಕಳೆದ ಗಂಟೆಗಳನ್ನು ಒಂದೊಂದಾಗಿ ನೆನೆಯುವುದು. ತಪ್ಪಿದ್ದಕ್ಕೆ ಕ್ಷಮೆ ಯಾಚಿಸುವುದು. ಮುಂದಿನ ದಿನಕ್ಕಾಗಿ ನಿರ್ಧಾರ ಮಾಡುವುದು. ಇದಕ್ಕೆ ಪುಸ್ತಕ ಬೇಡ, ಹತ್ತು ಹದಿನೈದು ನಿಮಿಷ ಸಾಕು. ಕೆಲಸದಿಂದ ಮರಳುವ ಬಸ್ಸಿನಲ್ಲಿ ಕುಳಿತು ಯುವಕರು ಇದನ್ನು ಮಾಡಬಹುದು. ಮೊಬೈಲನ್ನು ಅಷ್ಟು ಹೊತ್ತು ಜೇಬಿನಲ್ಲಿಡುವುದೇ ಈ ಕಾಲದ ಉಪವಾಸ.

ಮೂರನೆಯದು ಸಂಸಾರದ ಘಟ್ಟ. ಇಲ್ಲಿ ಸಮಯವೇ ಇಲ್ಲವೆಂಬುದು ಸಾಮಾನ್ಯ ದೂರು, ಮತ್ತು ಅದು ಸುಳ್ಳು ದೂರಲ್ಲ. ಜಿನೀವಾದ ಧರ್ಮಾಧ್ಯಕ್ಷರಾಗಿದ್ದ ಸಂತ ಫ್ರಾನ್ಸಿಸ್ ದೆ ಸಾಲೆಸ್ ಅವರು 1609ರಲ್ಲಿ ಪ್ರಕಟಿಸಿದ ಭಕ್ತಿಜೀವನದ ಪ್ರವೇಶಿಕೆ ಎಂಬ ಗ್ರಂಥದಲ್ಲಿ ಈ ವಿಷಯವನ್ನು ಸ್ಪಷ್ಟವಾಗಿ ವಿವೇಚಿಸಿದ್ದಾರೆ. ಧರ್ಮಾಧ್ಯಕ್ಷನು ಏಕಾಂತವಾಸಿ ಸನ್ಯಾಸಿಯಂತೆ ಬದುಕಲು ಹೊರಟರೆ, ಸಂಸಾರವಂತರು ಕಪುಚಿನ್ ಸಭೆಯವರಂತೆ ಏನನ್ನೂ ಕೂಡಿಡದಿದ್ದರೆ, ಕುಶಲಕರ್ಮಿಯು ದಿನವಿಡೀ ದೇವಾಲಯದಲ್ಲೇ ಕುಳಿತರೆ ಅಂತಹ ಭಕ್ತಿ ನಗೆಪಾಟಲಾಗುವುದೆಂದು ಅವರು ಎಚ್ಚರಿಸುತ್ತಾರೆ. ಪ್ರತಿಯೊಬ್ಬರ ಭಕ್ತಿಯೂ ಅವರವರ ಶಕ್ತಿಗೂ, ಕೆಲಸಕ್ಕೂ, ಕರ್ತವ್ಯಕ್ಕೂ ಹೊಂದಿಕೊಂಡಿರಬೇಕೆಂಬುದು ಅವರ ನಿಲುವು. ನಾನೂರು ವರ್ಷಗಳ ಹಿಂದಿನ ಈ ಮಾತು ನಮ್ಮ ತಾಯಂದಿರಿಗೆ ಸಮಾಧಾನ ತರಬೇಕು.

ಮಗುವಿಗೆ ಹಾಲೂಡಿಸುತ್ತ ಹೇಳಿದ ಒಂದು ನಮೋ ಮರಿಯಾ ಅರ್ಧ ಪ್ರಾರ್ಥನೆಯಲ್ಲ, ಪೂರ್ಣ ಪ್ರಾರ್ಥನೆ. ಅವಿಲಾದ ತೆರೇಸಮ್ಮನವರೇ ತಮ್ಮ ಕನ್ಯಾಮಠದ ಸೋದರಿಯರಿಗೆ, ವಿಧೇಯತೆ ನಿಮ್ಮನ್ನು ಅಡುಗೆಮನೆಗೆ ಕಳುಹಿಸಿದರೆ ಪ್ರಭುವು ಅಲ್ಲಿಯ ಪಾತ್ರೆಪಡಗಗಳ ನಡುವೆಯೂ ಇದ್ದಾನೆಂದು ತಿಳಿಯಿರಿ ಎಂಬರ್ಥದಲ್ಲಿ ಬರೆದರು. ಆದುದರಿಂದ ಐದು ರಹಸ್ಯಗಳ ಜಪಸರ ಸಾಧ್ಯವಾಗದ ಮನೆಯಲ್ಲಿ ಹತ್ತು ಮಣಿಗಳ ಒಂದು ರಹಸ್ಯವಾದರೂ ನಡೆಯಲಿ. ಜಪಸರವೂ ಕಾಲಕ್ಕೆ ತಕ್ಕಂತೆ ಬೆಳೆದುಬಂದ ಪ್ರಾರ್ಥನೆಯೇ. 2002ರ ಅಕ್ಟೋಬರಿನಲ್ಲಿ ಸಂತ ಜಗದ್ಗುರು ಎರಡನೆಯ ಜಾನ್ ಪೌಲರು ಅದಕ್ಕೆ ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದರು. ಪ್ರಭುವಿನ ದೀಕ್ಷಾಸ್ನಾನದಿಂದ ಪರಮಪ್ರಸಾದದ ಸ್ಥಾಪನೆಯವರೆಗಿನ ಘಟನೆಗಳನ್ನು ನಾವು ಗುರುವಾರಗಳಂದು ಧ್ಯಾನಿಸುವುದು ಅಂದಿನಿಂದ. ಹಳೆಯ ಮಣಿಸರ ಹಾಗೆಯೇ ಉಳಿಯಿತು, ಧ್ಯಾನ ಹೊಸದಾಯಿತು. ನವೀಕರಣವೆಂದರೆ ಇದು.

ಈಗ ನನ್ನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಎಲ್ಲ ಘಟ್ಟಗಳಲ್ಲೂ, ಅದರಲ್ಲೂ ನಡುವಯಸ್ಸಿನಲ್ಲಿ, ಪ್ರಾರ್ಥನೆ ಒಣಗುವ ಕಾಲ ಬರುತ್ತದೆ. ಪ್ರಾರ್ಥನೆಗೆ ಹೊತ್ತಿದೆ, ಸ್ಥಳವಿದೆ. ಹೃದಯದಲ್ಲಿ ಮಾತ್ರ ಏನೂ ಏಳುವುದಿಲ್ಲ. ತೆರೇಸಮ್ಮನವರು ಈ ಮರುಭೂಮಿಯಲ್ಲಿ ವರ್ಷಗಟ್ಟಲೆ ನಡೆದವರು. ಇಪ್ಪತ್ತರ ಪ್ರಾಯದಲ್ಲಿ ಮಠ ಸೇರಿದ ಅವರು ಕೆಲವೇ ವರ್ಷಗಳಲ್ಲಿ ಮರಣಾಂತಿಕ ಕಾಯಿಲೆಗೆ ಒಳಗಾದರು. ಗುಣಮುಖರಾದ ಮೇಲೆ ಮಠದ ಸಂದರ್ಶನ ಕೋಣೆಯ ಹರಟೆಯಲ್ಲಿ ಮನಸ್ಸು ಚದರಿತು. ಇಂತಹ ನಾನು ದೇವರೊಡನೆ ಏಕಾಂತದಲ್ಲಿ ಮಾತನಾಡಲು ಯೋಗ್ಯಳಲ್ಲವೆಂದು ಎಣಿಸಿ, ಧ್ಯಾನ ಪ್ರಾರ್ಥನೆಯನ್ನು ಒಂದು ವರ್ಷಕ್ಕೂ ಮೀರಿ ಬಿಟ್ಟುಬಿಟ್ಟರು. ವಿಪರ್ಯಾಸವೆಂದರೆ, ಅದಕ್ಕೆ ಮುಂಚೆ ತಮ್ಮ ತಂದೆಗೆ ಧ್ಯಾನ ಮಾಡುವುದನ್ನು ಕಲಿಸಿದವರು ಅವರೇ. ಮಗಳನ್ನು ಕಾಣಬಂದ ತಂದೆ ಪ್ರಾರ್ಥನೆಯ ವಿಷಯವೆತ್ತಿದಾಗ ತಾವೀಗ ಅದನ್ನು ಮಾಡುತ್ತಿಲ್ಲವೆಂದು ಒಪ್ಪಿಕೊಂಡರು. ಕಾರಣ ಮಾತ್ರ ಅನಾರೋಗ್ಯವೆಂದರು. ತಂದೆ ಅದನ್ನು ನಂಬಿ ಮರುಗಿದರು. ನಾನು ಅಯೋಗ್ಯ, ಆದುದರಿಂದ ಪ್ರಾರ್ಥಿಸುವುದಿಲ್ಲ ಎಂಬುದು ದೀನತೆಯ ವೇಷ ಧರಿಸಿದ ಶೋಧನೆಯೆಂದು ಅವರೇ ಮುಂದೆ ಬರೆದರು. ರೋಗ ಹೆಚ್ಚಾಯಿತೆಂದು ವೈದ್ಯನನ್ನು ದೂರವಿಡುವವರು ಉಂಟೇ?

1543ರಲ್ಲಿ ತಂದೆ ತೀರಿಕೊಂಡರು. ಆ ತಂದೆಯ ಪಾಪನಿವೇದನೆ ಕೇಳುತ್ತಿದ್ದ ಡೊಮಿನಿಕನ್ ಸಭೆಯ ಗುರುಗಳು ತೆರೇಸಮ್ಮನವರಿಗೂ ಬುದ್ಧಿ ಹೇಳಿ ಪ್ರಾರ್ಥನೆಯನ್ನು ಮತ್ತೆ ಹಿಡಿಯುವಂತೆ ಮಾಡಿದರು. ಆಮೇಲೆ ಅವರು ಅದನ್ನೆಂದೂ ಬಿಡಲಿಲ್ಲ. ಆದರೆ ಸುಲಭವಾಯಿತೆಂದು ತಿಳಿಯಬೇಡಿ. ಅನೇಕ ವರ್ಷಗಳ ಕಾಲ ಪ್ರಾರ್ಥನೆಯ ಗಂಟೆ ಎಂದು ಮುಗಿದೀತೋ ಎಂದು ಗಡಿಯಾರದ ಸದ್ದಿಗೆ ಕಿವಿಗೊಟ್ಟು ಕುಳಿತಿದ್ದೆನೆಂದು ಅವರು ಸಂಕೋಚವಿಲ್ಲದೆ ಬರೆದಿದ್ದಾರೆ. ಮನಸ್ಸು ಅಲೆಯದಂತೆ ಕೈಯಲ್ಲಿ ಪುಸ್ತಕ ಹಿಡಿಯದೆ ಧ್ಯಾನಕ್ಕೆ ಕೂರಲು ಅವರಿಗೆ ಧೈರ್ಯವಿರಲಿಲ್ಲ. ಕೆಲವು ಸಲ ಪುಸ್ತಕ ತೆರೆದರೆ ಸಾಕಾಗುತ್ತಿತ್ತು. ಸುಮಾರು 1554ರಲ್ಲಿ, ಮೂವತ್ತೊಂಬತ್ತರ ಪ್ರಾಯದಲ್ಲಿ, ಗಾಯಗೊಂಡ ಕ್ರಿಸ್ತನ ಪ್ರತಿಮೆಯೊಂದರ ಮುಂದೆ ಅವರ ಹೃದಯ ಕರಗಿತು. 1562ರಲ್ಲಿ ಅವರು ಅವಿಲಾದಲ್ಲಿ ಸಂತ ಜೋಸೆಫರ ಮಠವನ್ನು ಸ್ಥಾಪಿಸಿ ಕಾರ್ಮೆಲ್ ಸಭೆಯ ಸುಧಾರಣೆಗೆ ಕೈಹಾಕಿದರು. ಗಡಿಯಾರ ನೋಡುತ್ತ ಕುಳಿತ ಆ ವರ್ಷಗಳು ವ್ಯರ್ಥವಾಗಲಿಲ್ಲ. ಅವರು ಎದ್ದು ಹೋಗದೆ ಉಳಿದದ್ದರಿಂದಲೇ ದೇವರು ಬಂದಾಗ ಅಲ್ಲಿದ್ದರು.

ಪ್ರಾರ್ಥನೆಯನ್ನು ತೋಟಕ್ಕೆ ನೀರುಣಿಸುವ ಕೆಲಸಕ್ಕೆ ಅವರು ಹೋಲಿಸಿದ್ದು ನಮ್ಮ ರೈತರಿಗೆ ಕೂಡಲೇ ಅರ್ಥವಾಗುವಂತಹುದು. ನೀರು ನಾಲ್ಕು ಬಗೆಯಲ್ಲಿ ಬರುತ್ತದೆ: ಬಾವಿಯಿಂದ ಸೇದಿದ ನೀರು, ಚಕ್ರ ತಿರುಗಿಸಿ ಮೇಲೆತ್ತಿದ ನೀರು, ಹೊಳೆಯಿಂದ ಹರಿದುಬರುವ ನೀರು, ಆಕಾಶದಿಂದ ಸುರಿಯುವ ಮಳೆ. ಒಂದರಿಂದ ಮತ್ತೊಂದಕ್ಕೆ ಹೋದಂತೆ ತೋಟಗಾರನ ಶ್ರಮ ಕಡಿಮೆಯಾಗಿ ದೇವರ ಕೆಲಸ ಹೆಚ್ಚುತ್ತದೆ. ನಮ್ಮ ಹಿರಿಯರು ಏತ, ಕಪಿಲೆಗಳಿಂದ ನೀರೆತ್ತಿದರು. ಮುಂದಿನವರು ಕಾಲುವೆ ಕಂಡರು, ಪಂಪುಸೆಟ್ಟು ಹಾಕಿದರು. ವಿಧಾನ ಯಾವುದಾದರೂ ಗಿಡದ ಬುಡಕ್ಕೆ ನೀರು ತಲುಪಿತೇ ಎಂಬುದೇ ಪ್ರಶ್ನೆ. ಬಾವಿಯೇ ಬತ್ತಿದರೆ? ತೋಟಗಾರನು ತನ್ನಿಂದಾದ ಕೆಲಸವನ್ನು ಮಾಡುತ್ತಿದ್ದರೆ ಸಾಕು, ತೋಟದ ಒಡೆಯನಾದ ದೇವರು ನೀರಿಲ್ಲದೆಯೂ ಗಿಡಗಳನ್ನು ಕಾಯುತ್ತಾನೆಂದು ತೆರೇಸಮ್ಮನವರು ಭರವಸೆ ಕೊಡುತ್ತಾರೆ. ಒಣ ಕಾಲದಲ್ಲಿರುವವರು ಈ ಮಾತನ್ನು ಹೃದಯದಲ್ಲಿಟ್ಟುಕೊಳ್ಳಿ. ಭಾವನೆ ಬಾರದಿದ್ದರೂ ಹೊತ್ತಿಗೆ ಸರಿಯಾಗಿ ಬಂದು ಕುಳಿತುಕೊಳ್ಳಿ.

ಕೊನೆಯ ಘಟ್ಟ ವೃದ್ಧಾಪ್ಯ. ಸಂತ ಲೂಕರ ಶುಭಸಂದೇಶದಲ್ಲಿ ಬಾಲಯೇಸುವನ್ನು ದೇವಾಲಯದಲ್ಲಿ ಗುರುತಿಸಿದವರು ವೃದ್ಧ ಸಿಮೆಯೋನನೂ ಎಂಬತ್ತನಾಲ್ಕರ ವಿಧವೆ ಪ್ರವಾದಿನಿ ಅನ್ನಳೂ. ಮದುವೆಯಾಗಿ ಏಳೇ ವರ್ಷ ಬಾಳಿದ ಆಕೆ ಮುಂದಿನ ದೀರ್ಘ ಜೀವನವನ್ನು ಉಪವಾಸ ಪ್ರಾರ್ಥನೆಗಳಲ್ಲಿ ಕಳೆದಳು. ಕೈಕಾಲು ಸೋತವರು ಧರ್ಮಕೇಂದ್ರಕ್ಕೆ ಭಾರವೆಂದು ತಿಳಿಯುವುದು ತಪ್ಪು. ನಮಗಾಗಿ ಪ್ರಾರ್ಥಿಸಲು ಬಿಡುವಿರುವುದು ಅವರಿಗೇ. ದಿವಂಗತ ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಅಜ್ಜ ಅಜ್ಜಿಯರಿಗಾಗಿಯೂ ವೃದ್ಧರಿಗಾಗಿಯೂ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಮೀಸಲಿಟ್ಟದ್ದು ಇದೇ ಗೌರವದಿಂದ.

ಆದರೆ ವೃದ್ಧರ ಪ್ರಾರ್ಥನೆಗೂ ನೆರವು ಬೇಕು. ಕಣ್ಣು ಕಾಣದವರಿಗೆ ಯಾರಾದರೂ ಆ ದಿನದ ಶುಭಸಂದೇಶವನ್ನು ಓದಿ ಹೇಳಬೇಕು. ಮಕ್ಕಳ ಹೆಸರನ್ನೂ ಮರೆತ ಹಿರಿಯರು ಬಾಲ್ಯದಲ್ಲಿ ಕಲಿತ ಪ್ರಾರ್ಥನೆಯನ್ನು ಪಕ್ಕದಲ್ಲಿ ಒಬ್ಬರು ಆರಂಭಿಸಿದರೆ ತುಟಿಯಾಡಿಸಿ ಮುಂದುವರಿಸುವುದನ್ನು ರೋಗಿಗಳ ಸೇವೆ ಮಾಡುವವರೆಲ್ಲ ಕಂಡಿದ್ದಾರೆ. ಐದನೆಯ ವಯಸ್ಸಿನಲ್ಲಿ ಕಲಿಸಿದ್ದು ಎಂಬತ್ತೈದರಲ್ಲಿ ಕೈಹಿಡಿಯುತ್ತದೆ. ಇಂದು ಮಕ್ಕಳಿಗೆ ಕಲಿಸದೆ ಬಿಟ್ಟರೆ, ಅವರ ಕೊನೆಗಾಲದ ಹಾಸಿಗೆಯ ಬಳಿ ಯಾರು ಯಾವ ಮಾತನ್ನು ಆರಂಭಿಸಬೇಕು?

ವ್ಯಕ್ತಿಗಿರುವಂತೆ ಧರ್ಮಕೇಂದ್ರಕ್ಕೂ ಘಟ್ಟಗಳಿವೆ. ಈ ದೇವಾಲಯದ ಮೊದಲ ದಶಕಗಳಲ್ಲಿ ಬಲಿಪೂಜೆ ಲತೀನಿನಲ್ಲಿ ನಡೆಯುತ್ತಿತ್ತು. 1963ರ ಡಿಸೆಂಬರ್ 4ರಂದು ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯ ಶಾಸನವನ್ನು ಅಂಗೀಕರಿಸಿ ದೇಶಭಾಷೆಗಳಿಗೆ ಬಾಗಿಲು ತೆರೆದ ಮೇಲೆ ಕನ್ನಡ ಬಲಿಪೀಠವನ್ನೇರಿತು. ಹಳೆಯದಕ್ಕೆ ಒಗ್ಗಿದ್ದವರಿಗೆ ಅಂದು ಕಷ್ಟವಾಗದಿರಲಿಲ್ಲ. ಆದರೂ ಅವರು ಹೊಸ ಉತ್ತರಗಳನ್ನು ಕಲಿತರು. 2020ರಲ್ಲಿ ಮಹಾಮಾರಿಯಿಂದ ದೇವಾಲಯಗಳೇ ಮುಚ್ಚಿದವು. ಆ ವರ್ಷದ ಮಾರ್ಚ್ 27ರಂದು ಜಗದ್ಗುರು ಫ್ರಾನ್ಸಿಸರು ನಿರ್ಜನವಾದ ಸಂತ ಪೇತ್ರರ ಚೌಕದಲ್ಲಿ ಮಳೆಯ ನಡುವೆ ಲೋಕಕ್ಕಾಗಿ ಪ್ರಾರ್ಥಿಸಿದ್ದನ್ನು ನಾವು ಮನೆಗಳಲ್ಲಿ ಕುಳಿತು ನೋಡಿದೆವು. ಆಗ ಅನೇಕ ಮನೆಗಳಲ್ಲಿ ಬಹುಕಾಲದ ಮೇಲೆ ಮನೆಮಂದಿಯೆಲ್ಲ ಕೂಡಿ ಜಪಸರ ಹೇಳಿದರು. ದೇವಾಲಯದ ಬಾಗಿಲು ತೆರೆದ ಮೇಲೆ ಮನೆಯ ಜಪಸರ ನಿಂತುಹೋಗಿದ್ದರೆ ಅದನ್ನು ಮತ್ತೆ ಆರಂಭಿಸಲು ಈ ಶತಮಾನೋತ್ಸವಕ್ಕಿಂತ ಒಳ್ಳೆಯ ಗಳಿಗೆ ಯಾವುದು?

ಆದುದರಿಂದ ಮೂರು ನಿರ್ಧಾರಗಳನ್ನು ನಿಮ್ಮ ಮುಂದಿಡುತ್ತೇನೆ. ಮೊದಲನೆಯದು, ಪ್ರತಿಯೊಂದು ಮನೆಯಲ್ಲಿ ಎಲ್ಲರೂ ಸೇರಲು ಸಾಧ್ಯವಾಗುವ ಒಂದು ಹೊತ್ತನ್ನು ಗೊತ್ತುಮಾಡಿ, ಐದು ನಿಮಿಷವಾದರೂ ಕೂಡಿ ಪ್ರಾರ್ಥಿಸುವುದು. ಎರಡನೆಯದು, ನಮ್ಮ ನೆರೆಯಲ್ಲಿ ಹಾಸಿಗೆ ಹಿಡಿದವರು ಇದ್ದರೆ ವಾರಕ್ಕೊಮ್ಮೆ ಹೋಗಿ ಅವರ ಜೊತೆ ಹತ್ತು ಮಣಿ ಜಪಸರ ಹೇಳುವುದು, ಮಕ್ಕಳನ್ನೂ ಕರೆದೊಯ್ಯುವುದು. ಮೂರನೆಯದು, ಪ್ರತಿ ವರ್ಷ ತಪಸ್ಸುಕಾಲದ ಮೊದಲ ದಿನ, ಹಣೆಗೆ ವಿಭೂತಿ ಧರಿಸಿ ಮನೆಗೆ ಮರಳಿದ ಮೇಲೆ, ಈ ವರ್ಷ ನಾನಿರುವ ಸ್ಥಿತಿಗೆ ತಕ್ಕ ಪ್ರಾರ್ಥನೆ ಯಾವುದೆಂದು ಕೇಳಿಕೊಂಡು ನಿರ್ಧರಿಸುವುದು. ಕಳೆದ ವರ್ಷದ್ದು ನಡೆಯದಿದ್ದರೆ ನಾಚಬೇಕಾಗಿಲ್ಲ, ಹೊಸದನ್ನು ಹಿಡಿದರಾಯಿತು.

ನೂರು ವರ್ಷಗಳ ಹಿಂದೆ ಇಲ್ಲಿ ಮೊದಲ ಕಲ್ಲಿಟ್ಟವರು ನಮ್ಮ ಮುಖಗಳನ್ನು ಕಂಡವರಲ್ಲ. ಆದರೂ ಮುಂದೆ ಬರುವವರಿಗಾಗಿ ಪ್ರಾರ್ಥಿಸಿದರು. ಆ ಪ್ರಾರ್ಥನೆಯ ಫಲವಾಗಿ ನಾವಿಂದು ಇಲ್ಲಿದ್ದೇವೆ. ಮುಂದಿನ ನೂರು ವರ್ಷಗಳಲ್ಲಿ ಈ ಪೀಠದ ಮುಂದೆ ಮೊಣಕಾಲೂರುವವರಿಗಾಗಿ ಪ್ರಾರ್ಥಿಸುವ ಸರದಿ ಈಗ ನಮ್ಮದು. ಮಗುವಿನ ತೊದಲು ನುಡಿಯನ್ನೂ, ಯುವಕನ ಪ್ರಶ್ನೆಯನ್ನೂ, ತಾಯಿಯ ದಣಿದ ಉಸಿರನ್ನೂ, ವೃದ್ಧರ ಮೌನವನ್ನೂ ಒಂದೇ ಪ್ರೀತಿಯಿಂದ ಆಲಿಸುವ ಪರಲೋಕದ ತಂದೆಯು, ದೇವಮಾತೆ ಮರಿಯಮ್ಮನವರ ಬಿನ್ನಹಗಳ ಮೂಲಕ, ನಮ್ಮೆಲ್ಲರ ಪ್ರಾರ್ಥನಾ ಜೀವನವನ್ನು ನವೀಕರಿಸಲಿ.